ಇದ್ದಿಲು ಬಳಿದ ಗೋಡೆ

ಸ್ವೀಡನ್ನಿನ ನಾರ್‌ಶೋಪಿಂಗಿನ ಪಾರ್ಕಿನಲ್ಲಿ ಮೊಮ್ಮಗಳ ಶನಿವಾರದ ಕನ್ನಡ ಕ್ಲಾಸಿನ ಪಿಕ್‌ನಿಕ್ಕು. ಮಗಳು ಗ್ರಿಲ್‌ಗೆ ಇದ್ದಿಲು ಸುರಿದಳು, ಆ ಕರಿಪುಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಚಿಕ್ಕಂದಿನ ಬಾಂಬೆಯ ಚಾಳಿನಲ್ಲಿದ್ದೆ.

ಚಾಳಿನ ಕನ್ನಡದವರೆಲ್ಲ ಸೇರಿ ಒಂದು ಖಾಲಿ ಗೋದಾಮಿನಲ್ಲಿ ಕನ್ನಡ ಸ್ಕೂಲು ತೆರೆದಿದ್ದರು. ಅಂದು ನಾಲ್ಕು ಗಂಟೆಗೆ ಇನ್ಸ್‌ಪೆಕ್ಟರ್ ಬರುವವರಿದ್ದರು. ಬ್ಲ್ಯಾಕ್‌ಬೋರ್ಡ್ ಇಲ್ಲದಿದ್ದರೆ ಪರ್ಮಿಷನ್ ಇಲ್ಲ. ಅಮ್ಮ ಮತ್ತು ಪಕ್ಕದ ಮನೆಯ ಸೀತಕ್ಕ ಇದ್ದಿಲನ್ನು ತೊಂಡೆ ಎಲೆಯ ಜೊತೆ ಅರೆದು ಗೋಡೆಗೆ ಉಜ್ಜುತ್ತಿದ್ದರು. ಕಾನ್ವೆಂಟಿನಿಂದ ನೇರವಾಗಿ ಅಲ್ಲಿಗೇ ಬಂದ ನಾನೂ ಕೈಹಾಕಿದೆ.

“ದೂರ ನಿಲ್ಲೇ, ವೈಟ್ ಯೂನಿಫಾರ್ಮು,” ಎಂದಳು ಅಮ್ಮ.

“ಉಜ್ಜಲಿ ಬಿಡ್ರೀ, ಕೆಳಗೆ ಬಗ್ಗೋಕೆ ನಮಗೆಲ್ಲಿದೆ ಸೊಂಟ?” ಎಂದು ಸೀತಕ್ಕ ನಕ್ಕರು.

ಇನ್ಸ್‌ಪೆಕ್ಟರ್ ಬಂದವರೇ ಬೋರ್ಡು ಮುಟ್ಟಿದರು. ಬೆರಳು ಕಪ್ಪಾಯಿತು.

“ಇನ್ನೂ ಒದ್ದೆ ಇದೆಯಲ್ಲಮ್ಮ?”

“ಬೆಳಗ್ಗೆ ಬಂದಿದ್ರೆ ಬರೀ ಗೋಡೆ ನೋಡ್ತಿದ್ರಿ ಸಾರ್,” ಎಂದಳು ಅಮ್ಮ.

ಅವರು ಆ ಕಪ್ಪು ಬೆರಳಿನಲ್ಲೇ ಪೆನ್ನು ತೆಗೆದು ಪರ್ಮಿಷನ್ ಕಾಗದಕ್ಕೆ ಸೈನ್ ಹಾಕಿದರು.

ನನ್ನ ಬಿಳಿ ಪಿನಫೋರಿಗೆ ಹತ್ತಿದ ಇದ್ದಿಲಿನ ಕಲೆ ಎಷ್ಟು ಒಗೆದರೂ ಹೋಗಲಿಲ್ಲ. ಮರುದಿನ ಕಾನ್ವೆಂಟಿನ ಅಸೆಂಬ್ಲಿಯಲ್ಲಿ ಸಿಸ್ಟರ್ ನನ್ನನ್ನು ಲೈನಿನಿಂದ ಹೊರಗೆ ಕರೆದು, ಕಲೆ ತೋರಿಸಿ, “ವಾಟ್ ಈಸ್ ದಿಸ್, ಚೈಲ್ಡ್?” ಎಂದು ಕೇಳಿದರು.

ನಾನು ತಲೆ ತಗ್ಗಿಸಲಿಲ್ಲ. “ದಟ್ ಈಸ್ ಅವರ್ ಸ್ಕೂಲ್, ಸಿಸ್ಟರ್,” ಎಂದೆ.