ಉತ್ತರದ ಬಾಣ

ನಕ್ಷೆಗೆ ಬಳಿದ ಬಣ್ಣ ಒಣಗುವಷ್ಟರಲ್ಲಿ ಊರಿನ ನೆಲವೂ ಅದರಂತೆ ಬದಲಾಗಿಬಿಡುತ್ತಿತ್ತು. ಹಳದಿ ಬಳಿದಲ್ಲಿ ಮನೆ ಏಳುತ್ತಿತ್ತು, ನೀಲಿ ಬಳಿದಲ್ಲಿ ಅಂಗಡಿ. ಹಾಗಾಗಿ ಪುರಸಭೆಯಲ್ಲಿ ನಕ್ಷೆ ಬರೆಯುವ ಕಸ್ತೂರಿ ಕುಂಚ ಹಿಡಿದಾಗ ಸೀನುವುದಕ್ಕೂ ಹೆದರುತ್ತಿದ್ದಳು.

ಈಗ ಸುತ್ತೋಲೆ ಬಂದಿತ್ತು: ಇನ್ನು ಎಲ್ಲ ಊರುಗಳಿಗೂ ಆರೇ ಬಣ್ಣ. ಹಳೆಯ ನಕ್ಷೆಯಲ್ಲಿ ನಲವತ್ತೊಂದಿದ್ದವು; ಆರರಲ್ಲಿ ಇಲ್ಲದ ಬಣ್ಣದ ಬಯಲುಗಳಿಗೆಲ್ಲ ಇನ್ನು ಉದ್ಯಾನದ ಹಸಿರೇ ಗತಿ. ಬಣಗಾರ ಓಣಿಯ ಮಗ್ಗುಲಿಗಿದ್ದ ಗೋಧಿಬಣ್ಣದ ಚೂರಿನಲ್ಲಿ ಹೆಂಗಸರು ಬೇಸಿಗೆಯಿಡೀ ಶಾವಿಗೆ ಹೊಸೆದು ಕೋಲಿಗೆ ಒಣಹಾಕುತ್ತಿದ್ದರು.

ಆ ಓಣಿಯ ಮುದುಕಿ ಮಾಬೂಬಿ ಕಚೇರಿಗೇ ಬಂದಿದ್ದಳು. "ಹಸಿರು ಬಳೀಬ್ಯಾಡವ್ವಾ. ಉದ್ಯಾನ ಆದ್ರ ಬೇಲಿ ಬರ್ತದ, ಕಾವಲುಗಾರ ಬರ್ತಾನ. ನಾವು ಶಾವಿಗಿ ಎಲ್ಲಿ ಹಾಕೂಣು?"

"ಖಾಲಿ ಬಿಟ್ರ ಸಾಹೇಬ್ರು ಸಹಿ ಹಾಕೂದಿಲ್ಲ, ಆಯಿ."

ಕಸ್ತೂರಿ ಬಹಳ ಹೊತ್ತು ಹಾಳೆಯನ್ನೇ ನೋಡಿದಳು. ಪ್ರತಿ ನಕ್ಷೆಯಲ್ಲೂ ಉತ್ತರ ದಿಕ್ಕು ತೋರಿಸುವ ಬಾಣ ಇರಲೇಬೇಕು, ಬಾಣವಿದ್ದಲ್ಲಿ ಬಣ್ಣ ಬಳಿಯುವ ಪದ್ಧತಿಯಿಲ್ಲ. ಅವಳು ಬಾಣವನ್ನು ಸರಿಯಾಗಿ ಆ ಚೂರಿನ ಮೇಲೆಯೇ ಬರೆದಳು.

"ಬಾಣ ಮೂಲ್ಯಾಗ ಇರಬೇಕಲ್ಲವಾ?" ಎಂದರು ಸಾಹೇಬರು.

"ಎಲ್ಲಿರಬೇಕಂತ ಸುತ್ತೋಲ್ಯಾಗ ಬರದಿಲ್ರಿ."

ಸಾಹೇಬರು ಸುತ್ತೋಲೆಯನ್ನು ಎರಡು ಸಲ ಓದಿ ಸಹಿ ಹಾಕಿದರು.

ಸಂಜೆ ಕಸ್ತೂರಿ ಆ ಓಣಿಯ ಮೇಲೆಯೇ ಮನೆಗೆ ಹೊರಟಳು. ನೆಲ ಹಾಗೇ ಇತ್ತು. ಗಾಳಿ ಪಡುವಣದಿಂದ ಬೀಸುತ್ತಿದ್ದರೂ ಕೋಲಿನ ಮೇಲಿನ ಶಾವಿಗೆಯ ಎಳೆಗಳೆಲ್ಲ ಉತ್ತರಕ್ಕೇ ವಾಲಿದ್ದವು.

"ಏನ್ ಹಟಾ ಇವಕ್ಕ!" ಎಂದು ಗೊಣಗಿದ ಮಾಬೂಬಿ ತನ್ನ ಚಾಪೆಯನ್ನೂ ಉತ್ತರಕ್ಕೆ ತಿರುಗಿಸಿಕೊಂಡಳು. ಆಮೇಲೆ ಕಸ್ತೂರಿಯನ್ನು ನೋಡಿ, ಇನ್ನೊಬ್ಬರು ಕೂರುವಷ್ಟು ಸರಿದು ಜಾಗ ಮಾಡಿದಳು.