ಮೂರು ಸಲ ಮಾಯವಾದ ಡ್ರೈವರ್

ಕೆಂಪಾಪುರದ ಪಿಳ್ಳಪ್ಪನವರ ಮನೆಯ ಕಂಪ್ಯೂಟರಿನಲ್ಲಿ ನೆಟ್‌ವರ್ಕ್ ಡ್ರೈವರ್ ಅನ್ನುವ ಸಾಫ್ಟ್‌ವೇರ್ ಮತ್ತೆ ಮಾಯವಾಗಿತ್ತು. ಹದಿನೈದು ದಿನದಲ್ಲಿ ಮೂರನೇ ಸಲ.

ರಿಪೇರಿಗೆ ಬಂದಿದ್ದ ಶರತ್ ಪೆನ್‌ಡ್ರೈವ್ ಚುಚ್ಚಿದ. ನೆಟ್ ಬರಬೇಕಾದರೆ ಡ್ರೈವರ್ ಬೇಕು, ಡ್ರೈವರ್ ಇಳಿಸಿಕೊಳ್ಳಬೇಕಾದರೆ ನೆಟ್ ಬೇಕು. ಬೀಗದ ಕೈಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿದ ಹಾಗೆ. ಅದಕ್ಕೇ ತಾನು ಕೆಲಸ ಮಾಡುವ ಆರ್.ಟಿ. ನಗರದ ಕಂಪ್ಯೂಟರ್ ಅಂಗಡಿಯಲ್ಲೇ ಇಳಿಸಿಕೊಂಡು ತಂದಿದ್ದ. ಅಂಗಡಿ ಸೋದರಮಾವ ಮುನಿಆಂಜಿನಪ್ಪನದು. ಆದರೆ ನೆಂಟಸ್ತಿಕೆಯೆಲ್ಲ ಮನೆಯಲ್ಲಿ ಮಾತ್ರ. "ಇದೂ ಕೈಕೊಟ್ರೆ ಬೇರೆ ಕೆಲಸ ನೋಡ್ಕೋ ಮಗಾ," ಅಂತ ಬೆಳಿಗ್ಗೆಯೇ ಹೇಳಿದ್ದ. ಶರತ್‌ಗೆ ಈ ಕೆಲಸ ಬಿಟ್ಟರೆ ಬೇರೆ ಗತಿಯಿರಲಿಲ್ಲ.

ಪಿಳ್ಳಪ್ಪ ಕುರ್ಚಿ ಎಳೆದುಕೊಂಡು ಅವನ ಬೆನ್ನ ಹಿಂದೆಯೇ ಕೂತರು. ಐದು ಬಿಲ್ಡಿಂಗ್‌ಗಳ ಯಜಮಾನರು, ದನಿಯೂ ಹಾಗೇ.

"ನೀವೇ ಕೆಡ್ಸಿ ನೀವೇ ರಿಪೇರಿ ಮಾಡೋ ಕಳ್ಳಾಟನಾ ಇದು?"

"ಇಲ್ಲ ಸರ್."

"ಕುಡಿಯೋ ಚಟ ಐತಾ?"

"ಇಲ್ಲ ಸರ್. ಕಾಫಿ ಮಾತ್ರ."

ಅವರ ಹೆಂಡತಿ ವೆಂಕಟಲಕ್ಷ್ಮಮ್ಮ ಕಾಫಿ ತಂದಿಟ್ಟರು. ಒಂದು ಚೂರೂ ಸಕ್ಕರೆಯಿಲ್ಲ. ಶರತ್ ಪೂರ್ತಿ ಕುಡಿದು ಲೋಟ ಕೆಳಗಿಟ್ಟ.

ಆಮೇಲೆ ಕಂಪ್ಯೂಟರಿನೊಳಗಿನ ದಾಖಲೆ ತೆರೆದು ನೋಡಿದ. ಡ್ರೈವರ್ ತಾನಾಗಿ ಹೋಗಿರಲಿಲ್ಲ. ನಿನ್ನೆ ಸಂಜೆ ಐದೂವರೆಗೆ ಯಾರೋ ಕೈಯಾರೆ ಕಿತ್ತುಹಾಕಿದ್ದರು, ಅದೂ ಮಗಳು ದಿವ್ಯಳ ಪಾಸ್‌ವರ್ಡ್ ಹಾಕಿ. ದಿವ್ಯ ಎದುರಿನ ಸೋಫಾದಲ್ಲಿ ಕೂತು ಉಗುರು ನೋಡಿಕೊಳ್ಳುತ್ತಿದ್ದಳು.

"ಯಾರ್ದಯ್ಯಾ ತಪ್ಪು? ಬಾಯ್ಬಿಡು!" ಪಿಳ್ಳಪ್ಪ ಗುಡುಗಿದರು.

ನಿಜ ಹೇಳಿದರೆ ಕೆಲಸ ಉಳಿಯುತ್ತದೆ. ಆದರೆ ಈ ಮನುಷ್ಯ ಮಗಳನ್ನು ಸುಮ್ಮನೆ ಬಿಡುವ ಪೈಕಿ ಅಲ್ಲ. ಥೂ, ಎಂಥ ಪೀಕಲಾಟ! ಶರತ್ ಆ ಪುಟವನ್ನು ಮುಚ್ಚಿದ.

"ನಂದೇ ಸರ್. ಹೋದ್ಸಲ ಸರಿಯಾಗಿ ಹಾಕಿರ್ಲಿಲ್ಲ."

ಪಿಳ್ಳಪ್ಪ ಮಗಳ ಮುಖ ನೋಡಿದರು. ಅವಳು ಹೂಂ ಎನ್ನುವಂತೆ ತಲೆಯಾಡಿಸಿದಳು. ಅವರು ಮೊಬೈಲ್ ತೆಗೆದು ಅಂಗಡಿಗೆ ಫೋನ್ ಮಾಡಿದರು. ಮುಗೀತು ಕಥೆ, ಅಂದುಕೊಂಡು ಶರತ್ ಬ್ಯಾಗಿನ ಜಿಪ್ ಎಳೆದ.

"ಆಂಜಿನಪ್ಪಾ, ನೀನ್ ಹೇಳ್ಕೊಟ್ಟಂಗೇ ಮೂರು ಸಲ ಕೆಡ್ಸಿ ನೋಡಿದ್ವಿ. ನಿನ್ ತಂಗಿ ಮಗನ್ಗೆ ಕೋಪಾನೂ ಬರ್ಲಿಲ್ಲ, ನಮ್ಮುಡ್ಗೀನ ಬಿಟ್ಟೂ ಕೊಡ್ಲಿಲ್ಲ. ದಿವ್ಯಾನೂ ಒಪ್ಪವ್ಳೆ ಕಣಯ್ಯಾ. ಎಣ್ ನೋಡೋ ಶಾಸ್ತ್ರಕ್ಕೆ ಯಾವತ್ತು ಬರ್ತೀರಾ? ಅಷ್ಟ್ರೊಳ್ಗೆ ಉಡುಗನ್ಗೂ ಒಂದ್ ಮಾತ್ ಹೇಳ್ಬಿಡು."