ಇಮ್ತಿಯಾಜನ ಕೈಗುಣ

ಸಂತೆ ಮೈದಾನದ ಹಿಂದೆ ಗ್ಯಾರೇಜ್ ಇಟ್ಟಿದ್ದ ಇಮ್ತಿಯಾಜ್ ಕಾರ್ಬುರೇಟರ್ ಬಿಚ್ಚಿ ಜೆಟ್ ಬದಲಿಸಿದರೆ ಎಂಥ ಹಳೇ ಬೈಕೂ ಹೊಸದರಂತೆ ಓಡುತ್ತದೆ ಎಂದು ಊರೆಲ್ಲ ಹೊಗಳುತ್ತಿತ್ತು. ಅದೇ ಕೆಲಸದಲ್ಲಿ ಇಪ್ಪತ್ತು ವರ್ಷ ಪಳಗಿದ್ದ ತಿಪ್ಪೇಶನಿಗೆ ಆ ಮಾತು ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ತನ್ನ ಹಳೇ ಗಿರಾಕಿಗಳೂ ಅತ್ತ ಸರಿದ ಮೇಲೆ ತಡೆಯಲಾಗದೆ ಒಂದು ಬೆಳಿಗ್ಗೆ ನೇರ ಅಲ್ಲಿಗೇ ನುಗ್ಗಿದ.

“ಹೋದ ವರ್ಷ ನಿಂಗೆ ಪ್ಲಗ್ ಒರೆಸೋಕೂ ಬರ್ತಿರ್ಲಿಲ್ಲ. ಈ ವಿದ್ಯೆ ಯಾವನು ಕಲಿಸ್ದ?”

“ನಂಗೆ ಈಗ್ಲೂ ಬರಲ್ಲಣ್ಣ. ಅದನ್ನ ಮಾಡೋರು ಬೇರೆ.”

“ಯಾರವನು? ಇವತ್ತೇ ನನ್ನ ಗ್ಯಾರೇಜಿಗೆ ಕರ್ಕೊಂಡು ಹೋಗ್ತೀನಿ.”

ಇಮ್ತಿಯಾಜ್ ತಲೆ ತಗ್ಗಿಸಿದ.

“ಅಲ್ಲಿ ನೀವು ಸ್ಪ್ಯಾನರ್ ಮುಟ್ಟೋಕೂ ಬಿಡಲ್ವಂತೆ, ಅಣ್ಣ. ಅದಕ್ಕೇ ನಿಮ್ಮ ಮನೆಯೋರು ಇಲ್ಲಿಗೆ ಬರ್ತಾರೆ.”